ಅತ್ತೆಗೆ ಜನ ವಿಚಾರಿಸಿದ್ದು

ನವೆಂಬರ್ 3, ಸೋಮವಾರ

ನಿವೃತ್ತಿಯಾದ ಮೇಲೆ ಇನ್ನು ಎಂತದ್ದೂ ಬರೆಯುವುದಿಲ್ಲ ಎಂದುಕೊಂಡಿದ್ದೆ. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿ ಇಪ್ಪತ್ತೊಂಬತ್ತು ವರ್ಷ ಬಸ್ಸು ಬಂದದ್ದು ಹೋದದ್ದು ಬರೆದಿದ್ದೇನೆ, ಮೈಕಿನಲ್ಲಿ ಕೂಗಿದ್ದೇನೆ. ಸಾಕಾಗಿತ್ತು. ಆದರೆ ಈಗ ಮನೆಯಲ್ಲಿ ಯಾರಿಗೂ ನನ್ನ ಮಾತು ಕೇಳುವ ಪುರುಸೊತ್ತಿಲ್ಲ. ಹಾಗಾಗಿ ಈ ಪುಸ್ತಕಕ್ಕೆ ಹೇಳುತ್ತೇನೆ.

ವಿಷಯ ಇಷ್ಟು. ಹುಬ್ಬಳ್ಳಿಯಲ್ಲಿ ಮಗಳು ಸಮನ್ವಿತಾ ಬಸುರಿ, ಎಂಟನೇ ತಿಂಗಳು. ಹೋದ ಸಲದ್ದು ಐದನೇ ತಿಂಗಳಲ್ಲಿ ಹೋಯಿತು. ಅದರ ಬಗ್ಗೆ ನಾವು ಮನೆಯಲ್ಲಿ ಮಾತಾಡುವುದಿಲ್ಲ. ಈ ಸಲ ಅಲ್ಲಿಯ ಡಾಕ್ಟ್ರು ಪ್ರಯಾಣ ಬೇಡವೇ ಬೇಡ, ಆದಷ್ಟು ಮಲಗಿಯೇ ಇರಬೇಕು ಅಂದಿದ್ದಾರೆ. ಈ ತಿಂಗಳ ಇಪ್ಪತ್ತನಾಲ್ಕರ ತನಕ ಅವಳ ಅತ್ತೆ ಇರುತ್ತಾರೆ, ಆಮೇಲೆ ಅವರಿಗೆ ಕಣ್ಣಿನ ಆಪರೇಶನ್. ಆದ್ದರಿಂದ ಇಪ್ಪತ್ತನಾಲ್ಕಕ್ಕೆ ನನ್ನ ಹೆಂಡತಿ ಮನೋರಮಾ ಅಲ್ಲಿ ಇರಲೇಬೇಕು. ಟಿಕೆಟ್ ಮಾಡಿಸಿ ಆಗಿದೆ.

ಮನೋರಮಾ ಹೋದರೆ ಅವಳ ಅಮ್ಮನನ್ನು ನೋಡುವವರು ಯಾರು? ನನ್ನ ಅತ್ತೆ ವಸುಮತಿ, ಎಂಬತ್ತೆರಡು ವರ್ಷ, ನಮ್ಮ ಮನೆಯಲ್ಲೇ ಇರುವುದು. ಸೆಪ್ಟೆಂಬರಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಆಪರೇಶನ್ ಆಯಿತು. ವಾಕರ್ ಹಿಡಿದು ನಡೆಯಬೇಕು, ಇಲ್ಲದಿದ್ದರೆ ಮಂಚವೇ ಗತಿ ಅಂತ ಡಾಕ್ಟ್ರು ಹೇಳಿದ್ದಾರೆ. ಅತ್ತೆ ನಡೆಯುವುದಿಲ್ಲ.

ನಾನು ನೋಡಿಕೊಳ್ಳುವ ಪ್ರಶ್ನೆಯೇ ಇಲ್ಲ. ಮದುವೆಯಾಗಿ ಮೂವತ್ತೊಂದು ವರ್ಷ, ಅತ್ತೆ ನಮ್ಮಲ್ಲಿಗೆ ಬಂದು ಆರು ವರ್ಷ. ಇಷ್ಟರಲ್ಲಿ ಅವರು ನನ್ನ ಹತ್ತಿರ ನೇರವಾಗಿ ಒಂದು ಮಾತು ಆಡಿದ್ದಿಲ್ಲ. ಜಗಳ ಅಲ್ಲ, ಹಳೇ ಕ್ರಮ. ಅಳಿಯನ ಎದುರು ಕೂರಬಾರದು, ಮುಖ ಕೊಟ್ಟು ಮಾತಾಡಬಾರದು. ಏನಿದ್ದರೂ ಬಾಗಿಲ ಹಿಂದಿನಿಂದ, "ಅವರಿಗೆ ಚಹಾ ಬೇಕಾ ಕೇಳು." ಮನೋರಮಾ ಇಲ್ಲದಿದ್ದರೆ ಬೆಕ್ಕಿನ ಹತ್ತಿರ ಹೇಳುವುದು. ನಾನು ಬೆಕ್ಕಿಗೇ ಉತ್ತರ ಕೊಡುವುದು. ಬೆಕ್ಕು ಸತ್ತ ಮೇಲೆ ಟಿವಿಗೆ. ಇಂಥವರ ಕೈ ಹಿಡಿದು ಬಚ್ಚಲಿಗೆ ಕರ್ಕೊಂಡು ಹೋಗುವುದು ನಾನಾ? ನೆನೆಸಿದರೇ ಬೆವರು ಬರುತ್ತದೆ.

ಹಾಗಾಗಿ ಹೋಮ್ ಕೇರ್ ಏಜೆನ್ಸಿ ಹುಡುಕುವುದು ಅಂತ ಆಯಿತು. ಜವಾಬ್ದಾರಿ ನನ್ನದು. ಚೆಕ್ಕಿಂಗ್ ನನಗೆ ಹೊಸತಲ್ಲ. ಹದಿನೇಳು ಪ್ರಶ್ನೆ ತಯಾರು ಮಾಡಿದ್ದೇನೆ.

ನವೆಂಬರ್ 4, ಮಂಗಳವಾರ

ಮೊದಲನೆಯದು "ಸ್ವರ್ಗಸುಖ ಹೋಮ್ ಕೇರ್." ಮಿಕ್ಸಿ ರಿಪೇರಿ ಅಂಗಡಿಯ ಮೇಲಿನ ಮಾಳಿಗೆ. ಆಫೀಸು ಅಂದರೆ ಒಂದು ಮೇಜು, ಒಂದು ಫ್ಯಾನು, ಫ್ಯಾನಿನ ಕೆಳಗೆ ಒಬ್ಬ ಮನುಷ್ಯ. ನನ್ನ ಪಟ್ಟಿ ಕಂಡ ಕೂಡಲೇ ಅವನಿಗೆ ಫೋನು ಬಂತು. ರಿಂಗ್ ಆಗದ ಫೋನನ್ನು ಕಿವಿಗಿಟ್ಟುಕೊಂಡು ಹತ್ತು ನಿಮಿಷ ಮಾತಾಡಿದ. ನಾನು ಕಾದೆ. ಕಾಯುವುದರಲ್ಲಿ ನನ್ನನ್ನು ಸೋಲಿಸುವವನು ಹುಟ್ಟಿಲ್ಲ.

"ನಮ್ಮ ಎಲ್ಲ ಸ್ಟಾಫಿಗೂ ಸರ್ಟಿಫಿಕೇಟ್ ಉಂಟು ಸಾರ್," ಅಂದ.

"ತೋರಿಸಿ."

ತೋರಿಸಿದ. ಚಂದ ಲ್ಯಾಮಿನೇಶನ್ ಮಾಡಿಸಿದ್ದರು. ಕನ್ನಡಕ ಹಾಕಿ ಓದಿದರೆ ಬ್ಯೂಟಿಪಾರ್ಲರ್ ಕೋರ್ಸಿನದ್ದು. ಹುಬ್ಬು ತೆಗೆಯುವುದು, ಮದುಮಗಳ ಅಲಂಕಾರ.

"ಅದೂ ಒಂದು ಕೇರೇ ಅಲ್ವಾ ಸಾರ್?"

ಮನೆಗೆ ಬಂದು ಮನೋರಮಾಳಿಗೆ ಹೇಳಿದೆ. ಒಳಗಿನಿಂದ ಅತ್ತೆ ಟಿವಿಗೆ ಹೇಳಿದರು, "ಸ್ವರ್ಗಸುಖ ಅಂತೆ. ಇಷ್ಟು ಬೇಗ ಅಲ್ಲಿಗೆ ಕಳಿಸುವ ಅವಸರ ಯಾರಿಗೋ!"



ನವೆಂಬರ್ 6, ಗುರುವಾರ

ಸುಳ್ಯದ ಏಜೆನ್ಸಿಯವರು ಒಂದು ದಿನ ಪುಕ್ಕಟೆ ಜನ ಕಳಿಸುತ್ತೇವೆ, ನೋಡಿ ಅಂದಿದ್ದರು. ಒಂಬತ್ತಕ್ಕೆ ಬರಬೇಕಾದ ಹೆಂಗಸು ಹತ್ತೂ ನಲವತ್ತಕ್ಕೆ ಬಂದಳು. ಅಲ್ಲಿಗೇ ನಾನು ಆ ಏಜೆನ್ಸಿಯ ಹೆಸರಿಗೆ ಅಡ್ಡಗೆರೆ ಎಳೆದೆ. ಮನೋರಮಾ ಮಾತ್ರ "ಪಾಪ, ಇರಲಿ" ಅಂದಳು.

ಬಂದವಳಿಗೆ ಬೆನ್ನುನೋವು. ಅತ್ತೆಯನ್ನು ಎತ್ತಲು ಬಗ್ಗಿದವಳು ಬಗ್ಗಿಯೇ ಬಾಕಿ. ಅತ್ತೆ ತಮ್ಮ ನೋವಿನೆಣ್ಣೆ ಕೊಟ್ಟರು, ಬಿಸಿನೀರಿನ ಚೀಲ ಕೊಟ್ಟರು, ಕೊನೆಗೆ ಮಂಚವನ್ನೂ ಬಿಟ್ಟು ಕೊಟ್ಟರು. ಮಧ್ಯಾಹ್ನ ಆ ಹೆಂಗಸು ಗಂಡನ ಮನೆಯ ಕಷ್ಟ ಹೇಳಿ ಅತ್ತಳು. ಅತ್ತೆಯೂ ಅತ್ತರು. ಇಬ್ಬರಿಗೂ ಮನೋರಮಾ ಗಂಜಿ ಮಾಡಿ ಕೊಟ್ಟಳು. ಐದು ಗಂಟೆಗೆ ಆಟೋ ಮಾಡಿ ಕಳಿಸಿದೆವು.

ಅತ್ತೆಗೆ ಅವಳು ಭಾರೀ ಇಷ್ಟವಾಗಿದ್ದಾಳೆ. ಕರ್ಮ.

ನವೆಂಬರ್ 8, ಶನಿವಾರ

ಮನೋರಮಾ ಮಗುವಿಗೆ ಬಟ್ಟೆ ತರಲು ಪೇಟೆಗೆ ಹೋದಳು. ಹುಟ್ಟುವ ಮೊದಲೇ ಬಟ್ಟೆ ತರಬಾರದು ಅಂತ ಅತ್ತೆ ಬೈದರು. ಬಟ್ಟೆ ಅಲ್ಲ, ಬಟ್ಟೆ ಹೊಲಿಯುವ ಬಟ್ಟೆ ಅಂತ ಹೇಳಿ ಹೋದಳು. ಹೋಗುವಾಗ ನನ್ನ ಕೈಗೆ ಹನ್ನೊಂದು ಗಂಟೆಯ ಮಾತ್ರೆ ಕೊಟ್ಟಳು.

ಇಕ್ಕಟ್ಟಿಗೆ ಬಂತು. ಅತ್ತೆಯ ಹತ್ತಿರ ಮಾತಾಡುವ ಹಾಗಿಲ್ಲ, ಮಾತ್ರೆ ತಪ್ಪುವ ಹಾಗೂ ಇಲ್ಲ. ಕೋಣೆಯ ಹೊರಗೆ ನಿಂತು ಯೋಚಿಸಿದೆ. ಆಮೇಲೆ ಹೊಳೆಯಿತು. ಮೈಕಿನಲ್ಲಿ ಅನೌನ್ಸ್ ಮಾಡುವಾಗ ನಾವು ಯಾರ ಹತ್ತಿರ ಮಾತಾಡುತ್ತೇವೆ? ಯಾರ ಹತ್ತಿರವೂ ಅಲ್ಲ. ಕೇಳಬೇಕಾದವರು ಕೇಳಿಕೊಳ್ಳುತ್ತಾರೆ, ಅಷ್ಟೇ. ಗಂಟಲು ಸರಿ ಮಾಡಿಕೊಂಡು ಸುರು ಮಾಡಿದೆ.

"ಪ್ರಯಾಣಿಕರ ಗಮನಕ್ಕೆ. ಹನ್ನೊಂದು ಗಂಟೆಗೆ ಹೊರಡಬೇಕಾದ ಕ್ಯಾಲ್ಸಿಯಂ ಮಾತ್ರೆ ಒಂದು ಲೋಟ ನೀರಿನೊಂದಿಗೆ ಬಾಗಿಲ ಬಳಿಯ ಸ್ಟೂಲಿಗೆ ಬಂದು ನಿಂತಿದೆ."

ಒಳಗೆ ಟಿವಿಯ ಸ್ವರ ಸಣ್ಣದಾಯಿತು. ಆಮೇಲೆ ಅತ್ತೆ ಟಿವಿಗೆ ಹೇಳಿದರು, "ಬಸ್ಸು ಹತ್ತು ನಿಮಿಷ ಲೇಟು."

ಲೇಟಂತೆ! ಹನ್ನೊಂದೂ ಮೂರು. ಗಡಿಯಾರ ತೋರಿಸಬೇಕು ಅಂತ ಕೈ ತುರಿಸಿತು. ಆದರೆ ವಾಕರಿನ ಟಕ್ ಟಕ್ ಕೇಳಿತು, ಮೂರು ಹೆಜ್ಜೆ. ಲೋಟ ಖಾಲಿಯಾಗಿತ್ತು.

ನಾಳೆ ಸ್ಟೂಲನ್ನು ಸ್ವಲ್ಪ ದೂರ ಇಡುವುದು.

ನವೆಂಬರ್ 11, ಮಂಗಳವಾರ

ಸ್ಟೂಲು ಈಗ ಕಪಾಟಿನ ಹತ್ತಿರ. ಬೆಳಿಗ್ಗೆಯ ಅನೌನ್ಸ್‌ಮೆಂಟು: "ಮಂಚದಿಂದ ಹೊರಟು ಕಿಟಕಿ ಮಾರ್ಗವಾಗಿ ಕಪಾಟಿಗೆ ಹೋಗುವ ಬಸ್ಸು ಪ್ಲಾಟ್‌ಫಾರಂ ಒಂದರಲ್ಲಿ." ಅತ್ತೆ ವಾಕರಿನ ಹತ್ತಿರ ಕೇಳಿದರು, "ಇದು ಎಕ್ಸ್‌ಪ್ರೆಸ್ಸಾ, ಎಲ್ಲ ಕಡೆ ನಿಲ್ಲುದಾ?" ಕಿಟಕಿಯಲ್ಲಿ ನಿಲುಗಡೆ ಉಂಟು ಅಂತ ಅನೌನ್ಸ್ ಮಾಡಿದೆ. ನಿಂತರು. ಒಟ್ಟು ಹನ್ನೊಂದು ಹೆಜ್ಜೆ.

ಇರಲಿ, ಅದು ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಎಂದರೆ ಸಲಾಮತ್ ಹೋಮ್ ಕೇರ್. ನಡೆಸುವವರು ಶಮೀರ್, ಹೊರದೇಶದಲ್ಲಿ, ದಮ್ಮಾಮಿನ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿ ಬಂದವರು. ಹದಿನೇಳು ಪ್ರಶ್ನೆಗೂ ಉತ್ತರ ಕೊಟ್ಟರು. ಪೊಲೀಸ್ ವೆರಿಫಿಕೇಶನ್ ಉಂಟು, ಸ್ಟಾಫಿಗೆ ಹುಷಾರಿಲ್ಲದಿದ್ದರೆ ಬದಲಿ ಜನ ಉಂಟು, ಎಲ್ಲವೂ ಬರಹದಲ್ಲಿ ಉಂಟು. ನನಗೆ ತಪ್ಪು ಸಿಗಲಿಲ್ಲ. ತಪ್ಪು ಸಿಗದಿದ್ದರೆ ನನಗೆ ಸಂಶಯ ಜಾಸ್ತಿ.

ಆಮೇಲೆ ಅವರೇ ನನ್ನನ್ನು ಕೇಳಲು ಸುರು ಮಾಡಿದರು. ನಿಮ್ಮ ಬಾತ್‌ರೂಮಿನಲ್ಲಿ ಹಿಡಿಕೆ ಉಂಟಾ? ನಮ್ಮ ಹುಡುಗಿಗೆ ಬಟ್ಟೆ ಬದಲಿಸಲು ಕೋಣೆ ಉಂಟಾ, ಒಳಗಿನಿಂದ ಚಿಲಕ ಉಂಟಾ? ಮನೆಯಲ್ಲಿ ಗಂಡಸರು ಎಷ್ಟು ಜನ? ಕುಡಿಯುವ ಅಭ್ಯಾಸ? ಚೆಕ್ಕಿಂಗಿಗೆ ಬಂದವನನ್ನೇ ಚೆಕ್ ಮಾಡುವುದು ಎಲ್ಲಿಯ ನ್ಯಾಯ?

ಕಳಿಸುವುದು ಪ್ರೀತಿಕಾ ಅಂತ ಹುಡುಗಿಯನ್ನಂತೆ. ಊರು ರಾಮಕುಂಜ. ಮೊದಲು ಬೆಳ್ಳಾರೆಯಲ್ಲಿ ಒಂದು ಮನೆಯಲ್ಲಿ ವರ್ಷವಿಡೀ ಇದ್ದಳು, ಬೇಕಾದರೆ ಅಲ್ಲಿ ಹೋಗಿ ಕೇಳಿ ಅಂದರು. "ಆದರೆ ಸಾರ್, ಸ್ಟಾಫಿನ ಮನೆ ಕಡೆಗೆ ಹೋಗಬಾರದು. ಅದೊಂದು ನಮ್ಮ ರೂಲು."

ರೂಲು ಮಾಡಿದ್ದು ಏನೋ ಮುಚ್ಚಿಡಲಿಕ್ಕೇ ಇರಬೇಕು.

ನವೆಂಬರ್ 13, ಗುರುವಾರ

ಬೆಳ್ಳಾರೆಗೆ ಹೋದೆ. ಪ್ರೀತಿಕಾ ನೋಡಿಕೊಂಡದ್ದು ಅಲಿ ಕುಂಞಿ ಎಂಬವರನ್ನು, ಎಪ್ಪತ್ತೆಂಟು ವರ್ಷ, ಲಕ್ವ ಹೊಡೆದು ಒಂದು ಬದಿ ಪೂರಾ ಬಿದ್ದು ಹೋಗಿತ್ತಂತೆ. ಈಗ ಜಗಲಿಯಿಂದ ಗೇಟಿನ ತನಕ ನಡೆದು ತೋರಿಸಿದರು. ಒಂದು ಸಲ ಸಾಕು ಅಂದರೂ ಕೇಳದೆ ನಾಲ್ಕು ಸಲ.

"ಹುಡುಗಿ ಹೇಗೆ?" ಅಂತ ಕೇಳಿದೆ.

"ಬಹಳ ಕೆಟ್ಟವಳು ಮಾರಾಯ್ರೆ," ಅಂದರು. "ಬೀಡಿ ಸೇದಲಿಕ್ಕೆ ಬಿಡಲಿಲ್ಲ, ಹಲ್ವ ತಿನ್ನಲಿಕ್ಕೆ ಬಿಡಲಿಲ್ಲ. ನಾನು ಅತ್ತರೆ ಅಳಿ, ಆದರೆ ನಡೀತಾ ಅಳಿ ಅಂತ ಹೇಳಿದವಳು. ಅವಳು ಹೋದ ದಿನ ಮಾತ್ರ ನಾನು ಊಟ ಮಾಡಲಿಲ್ಲ."

ಒಳ್ಳೆ ಮಾತೇ. ಆದರೆ ಒಂದೇ ಮನೆಯಲ್ಲಿ ಕೇಳಿ ಒಪ್ಪುವುದಾ? ನಮ್ಮ ಕಡೆ ಹೆಣ್ಣು ತರುವಾಗ ಕೊಡುವಾಗ ಹೇಗೆ ವಿಚಾರಿಸುತ್ತೇವೆ? ಅವರ ಊರಿಗೆ ಹೋಗಿ, ಮನೆ ಹತ್ತಿರದ ಅಂಗಡಿಯಲ್ಲಿ ಸೋಡಾ ಕುಡಿದು, ಮೆಲ್ಲಗೆ ಕೇಳುವುದು. ಅಂಗಡಿಯವನಿಗೆ ಗೊತ್ತಿಲ್ಲದ ವಿಷಯ ಇರುವುದಿಲ್ಲ.

ಶನಿವಾರ ರಾಮಕುಂಜ. ಮನೋರಮಾಳಿಗೆ ಹೇಳುವುದಿಲ್ಲ.

ನವೆಂಬರ್ 15, ಶನಿವಾರ

ಅಂಗಿಯೂ ಬದಲಿಸದೆ ಪುಸ್ತಕ ತೆಗೆದಿದ್ದೇನೆ. ಬರೆದಾದರೂ ತಲೆ ಸರಿಯಾಗುತ್ತದಾ ನೋಡುವ.

ರಾಮಕುಂಜದಲ್ಲಿ ಅವಳ ಮನೆಗೆ ಹೋಗುವ ಅಡ್ಡರಸ್ತೆಯ ಬಾಯಿಯಲ್ಲಿ ಒಂದು ಜಿನಸಿನ ಅಂಗಡಿ. ಅಂಗಡಿಯವರ ಹೆಸರು ವೆಂಕಟ್ರಮಣ, ಪ್ರೀತಿಕಾಳ ಸೋದರಮಾವ ಅಂತ ಆಮೇಲೆ ಗೊತ್ತಾಯಿತು. ಆಮೇಲೆ ಗೊತ್ತಾಗಿ ಎಂತ ಪ್ರಯೋಜನ?

"ಇಲ್ಲಿ ಪ್ರೀತಿಕಾ ಅಂತ ನರ್ಸು ಹುಡುಗಿ ಉಂಟಲ್ಲ? ಹೇಗೆ, ಗುಣ ಎಲ್ಲ?" ಅಂತ ಕೇಳಿದೆ.

ಅವರ ಮುಖ ಅರಳಿತು. ಸೋಡಾಕ್ಕೆ ದುಡ್ಡು ಬೇಡ ಅಂದರು. ಒಳಗಿನಿಂದ ಕುರ್ಚಿ ತಂದು ಹಾಕಿದರು. ಫೋನು ತೆಗೆದು ಯಾರಿಗೋ "ಜನ ಬಂದಿದ್ದಾರೆ, ಬೇಗ" ಅಂದರು. ನನ್ನ ಮರ್ಯಾದೆಗೆ ನನಗೇ ಸಂತೋಷವಾಯಿತು.

"ಬಂಗಾರದಂಥ ಹುಡುಗಿ. ಐದು ಗಂಟೆಗೆ ಏಳ್ತಾಳೆ."

"ಸಿಟ್ಟು?"

"ಅವಳಿಗಾ? ಇಲ್ಲವೇ ಇಲ್ಲ."

"ಐವತ್ತೆಂಟು ಕೆಜಿ ಎತ್ತಬಹುದಾ?"

ಅತ್ತೆಯ ತೂಕ ಅಷ್ಟು. ಅವರು ಎದುರಿನ ಮೂಟೆಯ ಮೇಲೆ ಕೂತರು. "ಮಗ ಎಂತ ಮಾಡುದು?" ಅಂದರು.

"ಮಗ ಇಲ್ಲ. ಒಬ್ಬಳೇ ಮಗಳು, ಮದುವೆಯಾಗಿದೆ."

"ಹಾಗಾದರೆ ತಮ್ಮನಿಗಾ?"

"ಇಲ್ಲ ಮಾರಾಯ್ರೆ, ನಮ್ಮ ಮನೆಗೇ ಬೇಕಾದದ್ದು."

"ಮನೆಯಲ್ಲಿ ಹೆಂಡತಿ ಇದ್ದಾರಾ?"

"ಇದ್ದಾಳೆ. ಇಪ್ಪತ್ತನಾಲ್ಕಕ್ಕೆ ಹುಬ್ಬಳ್ಳಿಗೆ ಹೋಗ್ತಾಳೆ. ಅದಕ್ಕೇ ಇಷ್ಟು ಅರ್ಜೆಂಟು. ಇವಳು ಎರಡು ದಿನ ಮೊದಲೇ ಬಂದರೆ ಅವಳೇ ಎಲ್ಲ ಹೇಳಿಕೊಟ್ಟು ಹೋಗಬಹುದು."

"ಹೆಂಡತಿಗೆ ಈ ವಿಷಯ ಗೊತ್ತುಂಟಾ?"

"ಅವಳೇ ಅಲ್ಲವಾ ಹುಡುಕಲಿಕ್ಕೆ ಕಳಿಸಿದ್ದು!"

ವೆಂಕಟ್ರಮಣ ಎದ್ದು ನಿಂತರು. ನನ್ನನ್ನೂ ಎಬ್ಬಿಸಿ ಕುರ್ಚಿ ವಾಪಸು ತೆಗೆದುಕೊಂಡರು. ಅದೇ ಹೊತ್ತಿಗೆ ಹಿಂದಿನ ಮನೆಯಿಂದ ಒಬ್ಬರು ಹೆಂಗಸು ಹೊಸ ಸೀರೆ ಉಟ್ಟು, ತಟ್ಟೆಯಲ್ಲಿ ಸಜ್ಜಿಗೆ-ಬಜಿಲ್ ಹಿಡಿದು, "ಬನ್ನಿ ಬನ್ನಿ, ಮನೆಗೇ ಬರಬಹುದಿತ್ತಲ್ಲ" ಅಂತ ನಗುತ್ತಾ ಬಂದರು. ಹುಡುಗಿಯ ತಾಯಿ. ಹೆಣ್ಣು ನೋಡಲು ಬಂದವರಿಗೆ ಕೊಡುವ ತಿಂಡಿ ಅದು. ಅದನ್ನು ಕಂಡ ಮೇಲೆಯೇ ನನ್ನ ದಡ್ಡ ತಲೆಗೆ ವಿಷಯ ಹೋದದ್ದು.

"ಇವರು ಹುಡುಗನ ಅಪ್ಪ ಅಲ್ಲ," ಅಂದರು ವೆಂಕಟ್ರಮಣ. "ಇವರೇ ಹುಡುಗ!"

"ಅಯ್ಯೋ ನನಗಲ್ಲ! ನನ್ನ ಅತ್ತೆಗೆ!" ಅಂತ ಬೊಬ್ಬೆ ಹಾಕಿದೆ. ಬಸ್‌ಸ್ಟ್ಯಾಂಡಿನ ಗಂಟಲು, ಎದುರಿನ ಹೊಟೇಲಿನವರೂ ಹೊರಗೆ ಬಂದರು. ಏಜೆನ್ಸಿ, ಸೊಂಟ, ವಾಕರ್ ಅಂತ ಎಲ್ಲ ಒಟ್ಟಿಗೇ ಹೇಳಿದೆ, ಯಾರಿಗೂ ಅರ್ಥವಾಗಲಿಲ್ಲ. ಬಸ್ಸು ಬಂತು, ಹತ್ತಿಬಿಟ್ಟೆ. ಯಾವ ಊರಿನ ಬೋರ್ಡು ಅಂತ ನೋಡದೆ ಬಸ್ಸು ಹತ್ತಿದ್ದು ಜೀವಮಾನದಲ್ಲಿ ಇದೇ ಮೊದಲು. ಮನೆಯ ದಾರಿ ಬಿಟ್ಟು ಕಡಬಕ್ಕೆ ಹೋಗಿ ಮುಟ್ಟಿದೆ.

ನವೆಂಬರ್ 16, ಭಾನುವಾರ

ಶಮೀರ್ ಫೋನು ಮಾಡಿದರು. ಬೊಬ್ಬೆ ಹಾಕಲಿಲ್ಲ. ಹಾಕಿದ್ದರೆ ಒಳ್ಳೆದಿತ್ತು.

"ಸಾರ್, ರೂಲು ಯಾಕೆ ಮಾಡಿದ್ದು ಗೊತ್ತುಂಟಾ? ನಮ್ಮ ಹುಡುಗಿಯರು ಬೇರೆಯವರ ಮನೆಯಲ್ಲಿ ಇರುವವರು. ಊರಿನಲ್ಲಿ ಹೀಗೊಂದು ಮಾತು ಎದ್ದರೆ ನಾಳೆ ಅವಳ ತಾಯಿ ಕೆಲಸಕ್ಕೇ ಕಳಿಸುದಿಲ್ಲ. ಕ್ಷಮಿಸಿ ಸಾರ್, ನಿಮ್ಮ ಮನೆಗೆ ಜನ ಕೊಡ್ಲಿಕ್ಕೆ ಆಗುದಿಲ್ಲ."

ಮನೋರಮಾಳಿಗೆ ಹೇಳಲೇಬೇಕಾಯಿತು. ಬೈಯುತ್ತಾಳೆ ಅಂತ ತಯಾರಾಗಿದ್ದೆ. ಬೈಯಲಿಲ್ಲ. ಅರ್ಧ ತುಂಬಿಸಿದ ಬ್ಯಾಗಿನಿಂದ ಸೀರೆಗಳನ್ನು ತೆಗೆದು ಒಂದೊಂದಾಗಿ ಕಪಾಟಿಗೆ ಇಟ್ಟಳು.

ನವೆಂಬರ್ 18, ಮಂಗಳವಾರ

ನಾಲ್ಕು ಏಜೆನ್ಸಿಗೆ ಫೋನು ಮಾಡಿದೆ. ಮೂರರಲ್ಲಿ ಜನ ಇಲ್ಲ. ನಾಲ್ಕನೆಯದು ಸ್ವರ್ಗಸುಖದವನದ್ದೇ ಇನ್ನೊಂದು ನಂಬರು.

ಸಂಜೆ ಸಮನ್ವಿತಾ ಫೋನು ಮಾಡಿ, "ಅಪ್ಪಾ, ಅಮ್ಮ ಬರ್ತಾಳಲ್ಲ? ನನಗೆ ಭಯ ಆಗ್ತದೆ," ಅಂದಳು. ಬರ್ತಾಳೆ ಮಗಾ ಅಂದೆ. ನನ್ನಷ್ಟು ಮೂರ್ಖ ಪುತ್ತೂರು ತಾಲೂಕಿನಲ್ಲಿ ಬೇರೆ ಇಲ್ಲ.

ನವೆಂಬರ್ 19, ಬುಧವಾರ

ಬೆಳಿಗ್ಗೆ ಅನೌನ್ಸ್ ಮಾಡಲಿಲ್ಲ, ಮನಸ್ಸಿರಲಿಲ್ಲ. ಒಳಗಿನಿಂದ ಅತ್ತೆಯ ಸ್ವರ, "ಇವತ್ತು ಬಸ್ಸು ಮುಷ್ಕರವಾ?" ಎದ್ದು ಹೋಗಿ ಅನೌನ್ಸ್ ಮಾಡಿದೆ. ಮಂಚದಿಂದ ಹಾಲಿಗೆ, ಕಪಾಟು ಬಾಗಿಲು ಮಾರ್ಗವಾಗಿ, ಹತ್ತೊಂಬತ್ತು ಹೆಜ್ಜೆ. ಹೊಸ್ತಿಲಿನಲ್ಲಿ ವಾಕರ್ ಸಿಕ್ಕಿತು, ಬಿಡಿಸಿ ಕೊಟ್ಟೆ.

ಆಮೇಲೆ ಶಮೀರರ ಆಫೀಸಿಗೆ ಹೋಗಿ ತಪ್ಪಾಯಿತು ಅಂತ ಹೇಳಿದೆ. ಜೀವನದಲ್ಲಿ ಈ ಶಬ್ದ ಹೇಳಿ ಅಭ್ಯಾಸ ಇಲ್ಲ, ಎರಡು ಸಲ ಹೇಳಿದ ಮೇಲೆ ಸರಿಯಾಗಿ ಬಂತು. ಮಗಳ ವಿಷಯವನ್ನೂ ಹೇಳಿದೆ. ಹೋದ ಸಲದ್ದನ್ನೂ ಹೇಳಿದೆ. ಅವರು ನೀರು ಕೊಟ್ಟರು. ಪ್ರೀತಿಕಾಳಿಗೆ ಫೋನು ಮಾಡಿ ಹೊರಗೆ ಹೋಗಿ ಮಾತಾಡಿ ಬಂದರು.

"ಬರುದಾ ಬೇಡವಾ ಅಂತ ಅವಳು ಈಗ ಹೇಳುದಿಲ್ಲ ಅಂತೆ. ಶನಿವಾರ ತಾಯಿಯನ್ನು ಕರ್ಕೊಂಡು ಪುತ್ತೂರಿಗೆ ಬಂದು, ನಿಮ್ಮ ಬಗ್ಗೆ ವಿಚಾರಿಸ್ತಾಳಂತೆ."

"ಯಾರ ಹತ್ತಿರ?"

"ಅದು ಹೇಳಲಿಲ್ಲ ಸಾರ್."

ನವೆಂಬರ್ 21, ಶುಕ್ರವಾರ

ಗೇಟಿಗೆ ಎಣ್ಣೆ ಹಾಕಿದೆ. ಬಚ್ಚಲಿಗೆ ಹಿಡಿಕೆ ಹಾಕಿಸಿದೆ. ಹಿಂದಿನ ಕೋಣೆಗೆ ಒಳಚಿಲಕ. ನಮ್ಮ ರಸ್ತೆಯ ಬದಿಯ ಟೈಲರ್ ಗಿರಾಕಿಯಿಲ್ಲದೆ ಕೂತಿದ್ದ, ಸುಮ್ಮನೆ ಹೋಗಿ ಹತ್ತು ನಿಮಿಷ ನಗುನಗುತ್ತಾ ಮಾತಾಡಿದೆ. "ಹುಷಾರಿಲ್ಲವಾ?" ಅಂತ ಕೇಳಿದ. ಪಕ್ಕದ ಮನೆಯ ನಫೀಸಮ್ಮನಿಗೆ ಎರಡು ತೆಂಗಿನಕಾಯಿ ಕೊಟ್ಟೆ. ಅವರ ಮಾವಿನ ಎಲೆ ನಮ್ಮ ಅಂಗಳಕ್ಕೆ ಬೀಳುವ ವಿಷಯ ಇನ್ನು ಎತ್ತುವುದಿಲ್ಲ ಅಂತಲೂ ಹೇಳಿದೆ.

ನವೆಂಬರ್ 22, ಶನಿವಾರ

ಎಷ್ಟು ಗಂಟೆಗೆ ಬರುತ್ತಾರೆ ಅಂತ ಹೇಳಿರಲಿಲ್ಲ. ಅದೇ ದೊಡ್ಡ ಶಿಕ್ಷೆ. ಆರು ಗಂಟೆಗೇ ಇಸ್ತ್ರಿ ಹಾಕಿದ ಅಂಗಿ ಹಾಕಿ ಜಗಲಿಯಲ್ಲಿ ಕೂತೆ. ಹನ್ನೊಂದಕ್ಕೆ ಬಂದರು. ಪ್ರೀತಿಕಾ ಸಣ್ಣ ಆಳು, ಇಪ್ಪತ್ತಾರೋ ಇಪ್ಪತ್ತೇಳೋ, ಕಣ್ಣು ಮಾತ್ರ ಚೆಕ್ಕಿಂಗ್ ಇನ್ಸ್‌ಪೆಕ್ಟರದ್ದು. ಹಿಂದೆ ಅವಳ ತಾಯಿ. ಆ ತಾಯಿ ನನ್ನನ್ನು ನೋಡಿದ ನೋಟ ನಾನು ಬರೆಯುವುದಿಲ್ಲ.

ಒಳಗೆ ಬರುವ ಮೊದಲೇ ಟೈಲರಿನ ಹತ್ತಿರ ಕೇಳಿಯಾಗಿತ್ತಂತೆ. "ಮನುಷ್ಯ ಪರವಾಗಿಲ್ಲ, ಆದರೆ ನಿನ್ನೆಯಿಂದ ಏನೋ ವಿಚಿತ್ರ" ಅಂದನಂತೆ ಆ ಮಹಾರಾಯ.

ನಫೀಸಮ್ಮ ಕಂಪೌಂಡಿನ ಮೇಲಿನಿಂದಲೇ ಹೇಳಿದರು. "ಬೊಬ್ಬೆ ಬಿಟ್ಟರೆ ಬೇರೆ ದೋಷ ಇಲ್ಲ ಮಗಳೇ. ಆ ಬೊಬ್ಬೆಯೂ ಉಪಕಾರವೇ. ಹನ್ನೊಂದು ಗಂಟೆಗೆ ಇವರು ಅನೌನ್ಸ್ ಮಾಡಿದರೆ ನಮ್ಮ ಮನೆಯವರು ಶುಗರಿನ ಮಾತ್ರೆ ತೆಗೊಳ್ಳುದು."

ಪ್ರೀತಿಕಾ ನಗಲಿಲ್ಲ. ನನ್ನ ಎದುರು ಬಂದು ನಿಂತು ಹೇಳಿದಳು, "ಸಾರ್, ನೀವು ವಿಚಾರಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ನಿಮ್ಮ ಮನೆಯವರನ್ನು ಯಾರ ಕೈಗೆ ಕೊಡುದು ಅಂತ ನೀವು ಕೇಳಬೇಕಾದದ್ದೇ. ಆದರೆ ನಾವು ಯಾರ ಮನೆಗೆ ಹೋಗ್ತಾ ಇದ್ದೇವೆ ಅಂತ ನಮಗೆ ಯಾರೂ ಹೇಳುದಿಲ್ಲ. ಅದಕ್ಕೆ ಬಂದದ್ದು."

ಕೂತುಕೊಳ್ಳಿ ಅಂದೆ. ಅವಳು ಕೂರದೆ ಸೀದಾ ಅತ್ತೆಯ ಕೋಣೆಗೆ ಹೋದಳು. ನಾನು ಜಗಲಿಯಲ್ಲಿ, ಎದುರು ಅವಳ ತಾಯಿ. ಮನೋರಮಾ ಸಜ್ಜಿಗೆ-ಬಜಿಲ್ ಮಾಡಿ ತಂದಿಟ್ಟಳು. ಬೇಕೆಂದೇ ಮಾಡಿದ್ದು, ನನಗೆ ಗೊತ್ತು. ಆ ತಾಯಿ ತಿಂದರು, ನಾನು ತಟ್ಟೆ ಹಿಡಿದು ಕೂತೆ.

ಬಾಗಿಲು ತೆರೆದೇ ಇತ್ತು. ಎಲ್ಲ ಕೇಳುತ್ತಿತ್ತು.

"ಅಜ್ಜಿ, ಮಗಳು ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ ಹೆಂಗಸರು. ಸತ್ಯ ಹೇಳಿ, ಇವರು ಹೇಗೆ?"

ಅತ್ತೆ ಟಿವಿ ಆಫ್ ಮಾಡಿದರು.

"ಮಗಳನ್ನು ಕೊಡುವಾಗ ನಾವು ವಿಚಾರಿಸಲೇ ಇಲ್ಲ ಮಗಾ," ಅಂದರು. "ನನ್ನ ಮಾವನವರು ಹಾಸಿಗೆ ಹಿಡಿದಿದ್ದರು, ಅವರ ಕಣ್ಣೆದುರು ಆಗಬೇಕು ಅಂತ ಗಡಿಬಿಡಿಯಲ್ಲಿ ಮಾಡಿದ್ದು. ವಿಚಾರಿಸಿದ್ದರೆ ಖಂಡಿತ ಕೊಡ್ತಿರಲಿಲ್ಲ. ಮೂಗಿನ ತುದಿಯಲ್ಲಿ ಸಿಟ್ಟು, ಊರಿಡೀ ಕೇಳುವ ಬೊಬ್ಬೆ, ಉಸಿರಾಡುದಕ್ಕೂ ಗಂಟೆ ನೋಡುವ ಜನ. ವಿಚಾರಿಸದೆ ಕೊಟ್ಟದ್ದು ನನ್ನ ಮಗಳ ಪುಣ್ಯ."

ಪ್ರೀತಿಕಾ ಕಾದಳು. ಅವಳಿಗೂ ಕಾಯಲು ಗೊತ್ತುಂಟು.

"ನಾನು ಬಿದ್ದ ದಿನ ಎತ್ತಿದ್ದು ನಫೀಸಮ್ಮ ಅಂತ ಎಲ್ಲರಿಗೂ ಹೇಳಿದ್ದು. ಅವರು ಆಮೇಲೆ ಬಂದದ್ದು. ಸ್ನಾನಕ್ಕೆ ಹೋಗಿ ಬಿದ್ದಿದ್ದೆ, ಮೈಮೇಲೆ ನೂಲಿರಲಿಲ್ಲ. ಮಗಳು ಮನೆಯಲ್ಲಿರಲಿಲ್ಲ. ಇವರು ಬಾಗಿಲು ಒಡೆದು, ಕಣ್ಣು ಮುಚ್ಚಿಕೊಂಡು ಒಳಗೆ ಬಂದದ್ದು. ಸೀರೆ ಹುಡುಕಿ ನನ್ನ ಮೇಲೆ ಹಾಕುವ ತನಕ ಕಣ್ಣು ಬಿಡಲಿಲ್ಲ. ತಡಕಾಡುವಾಗ ಗೋಡೆಗೆ ಹಣೆ ಗುದ್ದಿಕೊಂಡು ರಕ್ತ ಬಂತು. ನನಗೆ ಆ ನೋವಿನಲ್ಲಿಯೂ ನಗು ಬಂತು. ಇಷ್ಟು ದಿನವಾಯಿತು, ಆ ಮಾತು ಹೆಂಡತಿಯ ಹತ್ತಿರ ಕೂಡ ಹೇಳಲಿಲ್ಲ. ಹೇಳಿದ್ದರೆ ನಾನು ಈ ಮನೆಯಲ್ಲಿ ತಲೆಯೆತ್ತಿಕೊಂಡು ಇರ್ತಿರಲಿಲ್ಲ."

ಹೌದು, ಹೇಳಿರಲಿಲ್ಲ. ಹಣೆಯ ಗಾಯ ಬಸ್ಸಿನ ಬಾಗಿಲು ತಾಗಿದ್ದು ಅಂತ ಹೇಳಿದ್ದೆ. ಮನೋರಮಾ ಅಡಿಗೆಮನೆ ಬಾಗಿಲಿನಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ನಾನು ಗಡಿಯಾರ ನೋಡಿದೆ. ಹನ್ನೆರಡೂ ಐದು. ಕಣ್ಣು ಮಂಜಾಗಿತ್ತು, ಕನ್ನಡಕ ಒರೆಸಬೇಕಿತ್ತು.

ಪ್ರೀತಿಕಾ ಅತ್ತೆಯನ್ನು ನಡೆಸಿ ನೋಡಿ ಹೊರಗೆ ಬಂದಳು. ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ಬರುತ್ತಾಳಂತೆ. "ರಾತ್ರಿಗೆ ಜನ ಬೇಡ ಸಾರ್. ಇಷ್ಟು ನಡೆಸಿದ್ದೀರಿ, ಯಾರು ಹೇಳಿಕೊಟ್ಟದ್ದು?" ಅಂದಳು. ಯಾರೂ ಇಲ್ಲ ಅಂದೆ. ಅವಳ ತಾಯಿ ಹೊರಡುವಾಗ ನನ್ನ ಹತ್ತಿರ, "ತಿಂಡಿ ಚಂದ ಆಗಿತ್ತು" ಅಂದರು. ಮಾಡಿದ್ದು ಮನೋರಮಾ, ಹೊಗಳಿಕೆ ನನಗೆ ಬಂತು.

ಸೀರೆಗಳು ಮತ್ತೆ ಬ್ಯಾಗಿಗೆ ಹೋದವು.

ನವೆಂಬರ್ 24, ಸೋಮವಾರ

ಹುಬ್ಬಳ್ಳಿ ಬಸ್ಸು ನಾಲ್ಕು ನಿಮಿಷ ಲೇಟು. ಡ್ರೈವರಿಗೆ ಹೇಳಿದೆ. ಮನೋರಮಾ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಹಣೆ ಮುಟ್ಟಿದಳು. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪರಿಚಯದವರು ಎಷ್ಟು ಜನ ಇರುತ್ತಾರೆ ಅಂತ ಇವಳಿಗೆ ಗೊತ್ತಾಗಬೇಡವಾ?

ಪ್ರೀತಿಕಾ ಎಂಟಕ್ಕೆ ಎರಡು ನಿಮಿಷ ಇರುವಾಗ ಬಂದಳು, ಐದೂ ಹತ್ತಕ್ಕೆ ಹೋದಳು. ಆರು ಗಂಟೆಗೆ ಅತ್ತೆಗೆ ಬಚ್ಚಲಿಗೆ ಹೋಗಬೇಕಾಯಿತು, ಕೈ ಹಿಡಿದು ಬಾಗಿಲ ತನಕ ಬಿಟ್ಟು ಹೊರಗೆ ನಿಂತೆ. ಬಚ್ಚಲಿನ ಬಲ್ಬು ಮಿಣುಕುತ್ತದೆ. ನಾಳೆ ಬದಲಿಸಬೇಕು.

ನವೆಂಬರ್ 29, ಶನಿವಾರ

ಸಾರಿಗೆ ಉಪ್ಪು ಹಾಕಿದ್ದು ನಾನೇ, ಸರಿಯಾಗಿಯೇ ಹಾಕಿದ್ದು. ಅತ್ತೆ ಒಪ್ಪುವುದಿಲ್ಲ. "ನಿಮ್ಮ ನಾಲಿಗೆ ಸರಿ ಇಲ್ಲ" ಅಂದರು. "ನಿಮ್ಮದು ಸರಿ ಇಲ್ಲ" ಅಂದೆ. ಪ್ರೀತಿಕಾಳನ್ನು ತೀರ್ಪಿಗೆ ಕರೆದೆವು. ಅವಳು ಇಬ್ಬರಿಗೂ ಬಿಪಿ ನೋಡಿದಳು.

ಊಟವಾದ ಮೇಲೂ ಅತ್ತೆಯ ಮಾತು ನಿಲ್ಲುವುದಿಲ್ಲ. ಪೇಪರ್ ಓದಲು ಬಿಡುವುದಿಲ್ಲ. ತಲೆನೋವು.

ಡಿಸೆಂಬರ್ 9, ಮಂಗಳವಾರ

ಮಧ್ಯಾಹ್ನ ಸಮನ್ವಿತಾಳಿಗೆ ನೋವು ಸುರುವಾಯಿತು, ಆಸ್ಪತ್ರೆಗೆ ಸೇರಿಸಿದ್ದೇವೆ ಅಂತ ಮನೋರಮಾ ಹೇಳಿ ಫೋನಿಟ್ಟಳು. ದಿನಕ್ಕಿಂತ ಮೊದಲೇ. ಆಮೇಲೆ ಫೋನು ಇಲ್ಲ. ಪ್ರೀತಿಕಾ ಐದಕ್ಕೆ ಹೊರಡುವಾಗ "ಇರಬೇಕಾ ಸಾರ್?" ಅಂತ ಕೇಳಿದಳು. ಬೇಡ, ಬಸ್ಸು ತಪ್ಪುತ್ತದೆ ಅಂದೆ.

ಐದೂ ನಲವತ್ತಕ್ಕೆ ಫೋನು ಬಂತು. ಹೆಣ್ಣು ಮಗು. ಎರಡೂಕಾಲು ಕೆಜಿ. ತಾಯಿ ಮಗು ಇಬ್ಬರೂ ಕ್ಷೇಮ. ಮಗು ಅತ್ತದ್ದನ್ನೂ ಫೋನಿನಲ್ಲಿ ಕೇಳಿಸಿದಳು.

ಅತ್ತೆಯ ಕೋಣೆಯ ಬಾಗಿಲಿಗೆ ಹೋಗಿ ಹೇಳಿದೆ. ಹೇಳುವಾಗ ಸ್ವರ ಸರಿಯಿತ್ತು. ಹಾಲಿಗೆ ಬಂದು ಕೂತ ಮೇಲೆ ಎಂತಾಯಿತೋ, ಹೆಗಲ ಬೈರಾಸಿನಲ್ಲಿ ಮುಖ ಮುಚ್ಚಿ ಗಳಗಳ ಅತ್ತುಬಿಟ್ಟೆ. ಹೋದ ಸಲದ್ದಕ್ಕೂ ಸೇರಿಸಿ ಅತ್ತದ್ದು. ಆವಾಗ ಅಳಲಿಕ್ಕೆ ಆಗಿರಲಿಲ್ಲ, ಡ್ಯೂಟಿ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ಅಡಿಗೆಮನೆಯಿಂದ ಕೇಳಿತು, "ಸಕ್ಕರೆ ಡಬ್ಬ ಎಲ್ಲಿಟ್ಟದ್ದು ನೀವು?"

"ಮೇಲಿನ ಹಲಗೆಯಲ್ಲಿ, ಕಾಫಿಪುಡಿಯ ಹಿಂದೆ," ಅಂದು ಮೂಗು ಒರೆಸಿಕೊಂಡೆ.

ಒರೆಸಿಕೊಂಡ ಮೇಲೆ ನೆನಪಾಯಿತು, ಮನೆಯಲ್ಲಿ ಇರುವುದು ನಾವಿಬ್ಬರೇ. ಕೋಣೆಯಿಂದ ಅಡಿಗೆಮನೆಗೆ ಎರಡು ಹೊಸ್ತಿಲು ಉಂಟು. ಬಿದ್ದು ಎದ್ದು ಓಡಿದೆ. ಅತ್ತೆ ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದು ಕೈಯನ್ನು ಹಲಗೆಗೆ ಚಾಚಿ ನಿಂತಿದ್ದರು.

"ಯಾರನ್ನು ಕೇಳಿ ಎದ್ದು ಬಂದದ್ದು ನೀವು?" ಅಂತ ಬೊಬ್ಬೆ ಹಾಕಿದೆ. "ಬಿದ್ದರೆ ಯಾರು ನೋಡುದು?"

"ನೀವು ಇದ್ದೀರಲ್ಲ," ಅಂದರು. "ಡಬ್ಬ ಇಳಿಸಿ ಕೊಡಿ. ನಿಮ್ಮ ಬಾಯಿಗೆ ಸಕ್ಕರೆ ಹಾಕ್ಲಿಕ್ಕೆ ಇವತ್ತು ಬೇರೆ ಯಾರು ಇದ್ದಾರೆ ಈ ಮನೆಯಲ್ಲಿ?"